ಹಳೇ ಷೆವಿ ಟ್ರಕ್ಕಿಗೆ ಬೇರೆ ಎಂಜಿನ್, ಆಮೇಲೆ ಇಂಜೆಕ್ಷನ್ ಬೇಕಾ ಬೇಡ್ವಾ: ಎಲ್ರೂ ಕೇಳೋ ಪ್ರಶ್ನೆಗಳು

ನನ್ನ ಹತ್ರ 1971ರ ಷೆವರ್ಲೆ ಸಿ10 ಪಿಕಪ್ ಇದೆ, ನಾವಿರೋದು ಟೆಕ್ಸಾಸಲ್ಲಿ, ಡಲ್ಲಾಸ್ ಪಕ್ಕ. ಅದರ 307 ಎಂಜಿನ್ ಇಳಿಸಿ 350 ಕೂರಿಸಿದ್ಮೇಲೆ ಕನ್ನಡ ಸಂಘದ ಪಿಕ್ನಿಕ್ಕಲ್ಲಿ, ವಾಟ್ಸಾಪಲ್ಲಿ, ರಜಕ್ಕೆ ಊರಿಗೆ ಹೋದ್ರೆ ಮಾವನ ಮನೆ ಜಗಲೀಲಿ, ಎಲ್ಲಾ ಕಡೆ ಅವೇ ಪ್ರಶ್ನೆ. ಪ್ರತಿಯೊಬ್ರಿಗೂ ಬೇರೆ ಬೇರೆ ವಾಯ್ಸ್ ಮೆಸೇಜ್ ಕಳ್ಸಿ ಗಂಟಲು ಒಣಗಿದೆ, ಅದಕ್ಕೆ ಒಂದೇ ಕಡೆ ಬರೆದಿಟ್ಟಿದೀನಿ. ಇಂಜೆಕ್ಷನ್ ಅಂದ್ರೆ ಕಾರ್ಬೋರೇಟರ್ ಬದಲು ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಸಿಂಪಡಿಸೋ ವ್ಯವಸ್ಥೆ. ನಾನು ಮೆಕ್ಯಾನಿಕ್ ಅಲ್ಲ, ಕೈ ಕೊಳೆ ಮಾಡ್ಕೊಂಡು ಕಲ್ತವನು ಅಷ್ಟೇ.

## ಬುಡದಿಂದ

ಅಷ್ಟು ಹಳೇ ಗಾಡಿಗೆ ಯಾಕಪ್ಪಾ ಇಷ್ಟು ದುಡ್ಡು ಸುರೀತೀಯ, ಹೊಸದೇ ತಗೋಬಾರ್ದಾ?

ತಗೋಬಹುದು ಮಾವ. ಲೆಕ್ಕ ಹಾಕಿದ್ರೆ ಇದು ಯಾವತ್ತೂ ಲಾಭದ ಬಾಬ್ತಲ್ಲ. ಬಾನೆಟ್ ಎತ್ತಿದ್ರೆ ಎಂಜಿನ್ ಪಕ್ಕ ನಾನೇ ಇಳಿದು ನಿಲ್ಲೋಷ್ಟು ಜಾಗ ಇದೆ, ಏನು ಕೆಟ್ಟಿದೆ ಅಂತ ಕಣ್ಣಿಗೆ ಕಾಣತ್ತೆ, ಅದೇ ಖುಷಿ.

ಸಿ10 ಅಂದ್ರೆ ಲಾರೀನಾ? ನಮ್ಮ ಟಾಟಾ ಏಸ್ ತರಾನಾ?

ಎರಡೂ ಅಲ್ಲ. ಅಮೆರಿಕಾದಲ್ಲಿ ಟ್ರಕ್ ಅಂದ್ರೆ ಪಿಕಪ್ಪೂ ಸೇರತ್ತೆ. ಸಿ ಅಂದ್ರೆ ಎರಡು ಚಕ್ರದ ಡ್ರೈವು, ಕೆ ಅಂದ್ರೆ ನಾಲ್ಕು ಚಕ್ರದ್ದು, 10 ಅಂದ್ರೆ ಅರ್ಧ ಟನ್ ವರ್ಗ. 1967ರಿಂದ 1972ರ ತನಕ ಬಂದ ಈ ಆಕಾರಕ್ಕೆ ಇಲ್ಲಿ ಬಹಳ ಬೇಡಿಕೆ, 1973ಕ್ಕೆ ಚೌಕ ಮೂತಿ ಬಂತು. 1971ರಿಂದ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕಂಪನಿಯಿಂದಲೇ ಬರ್ತಿತ್ತು, ನಾನು ಆ ವರ್ಷದ್ದೇ ಹುಡುಕಿದ್ದಕ್ಕೆ ಅದೂ ಒಂದು ಕಾರಣ. ಅದಕ್ಕಿಂತ ಹಳೇ ಗಾಡಿ ಇದ್ರೆ ಎಂಜಿನ್ ಕನಸು ಕಾಣೋಕೆ ಮುಂಚೆ ಬ್ರೇಕ್ ನೋಡ್ಕೊಳಿ.

307, 350 ಅಂತೀರಲ್ಲ, ಅದು ಸಿಸಿನಾ?

ಅಲ್ಲ, ಕ್ಯೂಬಿಕ್ ಇಂಚು. 350 ಅಂದ್ರೆ 5.7 ಲೀಟರು, 307 ಅಂದ್ರೆ 5 ಲೀಟರು. ಮಾರುತಿ 800ರದ್ದು 796 ಸಿಸಿ, ಅಂಥ ಏಳು ಎಂಜಿನ್ ಸೇರಿಸಿದ್ರೂ 350ಕ್ಕೆ ಸ್ವಲ್ಪ ಕಮ್ಮೀನೇ. ಎರಡೂ ಷೆವಿಯ ಸ್ಮಾಲ್ ಬ್ಲಾಕ್ ಅನ್ನೋ ಒಂದೇ ವಂಶದವು, ಆ ವಂಶ ಶುರುವಾಗಿದ್ದು 1955ರಲ್ಲಿ 265 ಇಂಚಿನಿಂದ. ಹೊರಗಿನ ಅಳತೆ ಒಂದೇ ಆಗಿರೋದ್ರಿಂದ 307 ಇದ್ದ ಜಾಗಕ್ಕೆ 350 ಅದೇ ಮೌಂಟಿಗೆ ಬಂದು ಕೂರತ್ತೆ, ಅದೇ ಗೇರ್‌ಬಾಕ್ಸಿಗೆ ಬೋಲ್ಟ್ ಆಗತ್ತೆ. ನಿಮ್ಮ ಗಾಡೀಲಿ ಆರು ಸಿಲಿಂಡರಿನ 250 ಇದ್ರೆ ಈ ಮಾತು ಮರೆತುಬಿಡಿ, ಆಗ ಮೌಂಟು, ಎಕ್ಸಾಸ್ಟು, ರೇಡಿಯೇಟರು ಎಲ್ಲಾ ಸೇರಿ ಬೇರೆಯದೇ ಪುರಾಣ.

## ಎಂಜಿನ್ ಆರಿಸೋದು

ಹಳೇ ಎಂಜಿನ್ನೇ ಬೋರ್ ಮಾಡಿಸಬಹುದಿತ್ತಲ್ಲ ಸಾರ್?

ಮಾಡಿಸಬಹುದಿತ್ತು, ಆ ಯೋಚನೆಯಲ್ಲೇ ಬಿಚ್ಚಿದ್ದು. ನಂದು ಬಿಸಿಯಾದ್ಮೇಲೆ ಐಡಲಲ್ಲಿ ಆಯಿಲ್ ಪ್ರೆಶರ್ ಮುಳ್ಳು ಮಲಗಿಬಿಡ್ತಿತ್ತು, ಕೆಳಗಡೆ ಬೇರಿಂಗ್ ಬಡಿಯೋ ಸದ್ದು ಬೇರೆ. ಬೋರು, ಕ್ರ್ಯಾಂಕ್ ಗ್ರೈಂಡಿಂಗು, ಪಿಸ್ಟನ್ನು, ಕ್ಯಾಮು, ಹೆಡ್ ಕೆಲಸ ಅಂತ ಒಂದೊಂದೇ ಸೇರಿಸ್ತಾ ಹೋದ್ರೆ ಖರ್ಚು ಹೊಸಾ ಕ್ರೇಟ್ 350ಯ ಹತ್ತಿರಕ್ಕೇ ಬಂತು. ಕ್ರೇಟ್ ಅಂದ್ರೆ ಪೂರ್ತಿ ಜೋಡಿಸಿ ಮರದ ಪೆಟ್ಟಿಗೇಲಿ ಬರೋ ಹೊಸ ಎಂಜಿನ್. ಗಾಡಿ ನಂಬರ್ ಮ್ಯಾಚಿಂಗ್, ಅಂದ್ರೆ ಹುಟ್ಟಿದಾಗಿನ ಎಂಜಿನ್ನೇ ಇರೋ ಅಪರೂಪದ್ದಾಗಿದ್ರೆ ಮಾತ್ರ ಹಳೇದನ್ನೇ ಉಳಿಸ್ಕೊಳಿ, ಇಲ್ಲಾಂದ್ರೆ ಸುಮ್ನೆ ಭಾವುಕರಾಗಬೇಡಿ.

ಸೆಕೆಂಡ್ ಹ್ಯಾಂಡ್ 350 ಸಿಕ್ಕಿದೆ, ಅದು ನಿಜವಾಗ್ಲೂ 350ನೇ ಅಂತ ಹೆಂಗೆ ಗೊತ್ತಾಗತ್ತೆ?

ಬಾಯಿ ಮಾತು ನಂಬಬೇಡಿ, ನಾನು ನಂಬಿ ಒಂದು ಶನಿವಾರ ಪೂರ್ತಿ ಹಾಳು ಮಾಡ್ಕೊಂಡೆ. ಮೂರು ಗಂಟೆ ಗಾಡಿ ಓಡಿಸ್ಕೊಂಡು ಹೋಗಿ ನೋಡಿದ್ರೆ ಅದು 305. ಹೊರಗಿಂದ ಎರಡೂ ಅವಳಿ ಜವಳಿ, ಸ್ಟ್ರೋಕ್ ಕೂಡ ಒಂದೇ 3.48 ಇಂಚು, ಬೋರ್ ಮಾತ್ರ 350ಗೆ 4 ಇಂಚು, 305ಗೆ 3.736. ಬ್ಲಾಕಿನ ಹಿಂದೆ, ಗೇರ್‌ಬಾಕ್ಸ್ ಸೇರೋ ಅಂಚಿನ ಮೇಲೆ, ಡ್ರೈವರ್ ಕಡೆ ಉಬ್ಬಿಕೊಂಡಿರೋ ಕಾಸ್ಟಿಂಗ್ ನಂಬರ್ ಇರತ್ತೆ, ಅದರ ಮೇಲೆ ದಶಕಗಳ ಜಿಡ್ಡು ಕೂತಿರತ್ತೆ. ವೈರ್ ಬ್ರಷ್, ಬ್ರೇಕ್ ಕ್ಲೀನರ್, ಟಾರ್ಚ್ ತಗೊಂಡು ಹೋಗಿ, ಉಜ್ಜಿ ಓದಿ. 3970010 ಅಂತ ಬಂದ್ರೆ ಅದು ಎಪ್ಪತ್ತರ ದಶಕದಲ್ಲಿ ರಾಶಿಗಟ್ಟಲೆ ಎರಕ ಹೊಯ್ದ 350ಯ ಬ್ಲಾಕು. ಆಮೇಲೆ ಪ್ಯಾಸೆಂಜರ್ ಕಡೆ ಮುಂದುಗಡೆ, ಹೆಡ್ಡಿನ ಬುಡದಲ್ಲಿ ಒಂದು ಸಮತಟ್ಟು ಜಾಗ ಇದೆ, ಅಲ್ಲಿ ಹೊಡೆದಿರೋ ಅಕ್ಷರಗಳಿಂದ ಅದು ಮೊದಲು ಯಾವ ಗಾಡಿಗೆ ಹೋಗಿತ್ತು ಅಂತ ಗೊತ್ತಾಗತ್ತೆ. ಮಾರೋನು ಉಜ್ಜೋಕೆ ಬಿಡಲ್ಲ ಅಂದ್ರೆ ಅಲ್ಲೇ ಉತ್ತರ ಸಿಕ್ಕಿತು, ವಾಪಸ್ ಬನ್ನಿ.

ಎಲ್ಲಾ 350ನೂ ಒಂದೇ ತಾನೇ, ಹಳೇ ಫ್ಲೆಕ್ಸ್‌ಪ್ಲೇಟ್ ಹಾಕ್ಕೊಂಡ್ರೆ ಆಯ್ತಲ್ಲ?

ಅಲ್ಲ! ಫ್ಲೆಕ್ಸ್‌ಪ್ಲೇಟ್ ಅಂದ್ರೆ ಕ್ರ್ಯಾಂಕಿನ ಹಿಂತುದಿಗೆ ಬೋಲ್ಟ್ ಆಗೋ, ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಶಕ್ತಿ ದಾಟಿಸೋ ತಟ್ಟೆ. 1985ರ ತನಕ ಹಿಂದಿನ ಮೇನ್ ಸೀಲು (ಕ್ರ್ಯಾಂಕಿನ ಹಿಂದೆ ಆಯಿಲ್ ಸೋರದಂಗೆ ತಡೆಯೋದು) ಎರಡು ತುಂಡಿನದು, 1986ರಿಂದ ಒಂದೇ ತುಂಡಿನದು. ಅದರ ಜೊತೆ ಕ್ರ್ಯಾಂಕಿನ ಬೋಲ್ಟ್ ವೃತ್ತವೂ ಚಿಕ್ಕದಾಯ್ತು, ಬ್ಯಾಲೆನ್ಸೂ ಬದಲಾಯ್ತು, ಹೊಸ ತರದ್ದಕ್ಕೆ ತೂಕ ಬೆಸೆದಿರೋ ಫ್ಲೆಕ್ಸ್‌ಪ್ಲೇಟೇ ಬೇಕು. ತೂಕದ ಲೆಕ್ಕ ತಪ್ಪಿದ್ರೆ ಗಾಡಿ ಪೂರ್ತಿ ನಡುಗತ್ತೆ, ಆಗ ಎಂಜಿನ್ ಮತ್ತೆ ಹೊರಗೆ ತೆಗೀಬೇಕು. ಇನ್ನೊಂದು, 1996ರಿಂದ ಬಂದ ವೋರ್ಟೆಕ್ ಹೆಡ್ ಇದ್ರೆ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಂಟೇ ಬೋಲ್ಟು, ಹಳೇದಕ್ಕೆ ಹನ್ನೆರಡು, ಒಂದಕ್ಕೊಂದು ಕೂರಲ್ಲ.

ಎಲ್ರೂ ಎಲ್ಎಸ್ ಹಾಕು ಅಂತಾರೆ, ನೀವ್ಯಾಕೆ ಹಾಕ್ಲಿಲ್ಲ?

ಎಲ್ಎಸ್ ಅಂದ್ರೆ ಹಳೇ ಸ್ಮಾಲ್ ಬ್ಲಾಕ್ ಆದ್ಮೇಲೆ ಬಂದ ಹೊಸ ತಲೆಮಾರಿನ ಎಂಜಿನ್ ವಂಶ, ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. 1999ರ ನಂತರದ ಷೆವಿ ಟ್ರಕ್ಕುಗಳ 5.3 ಲೀಟರ್ ಗುಜರಿಯಲ್ಲಿ ಧಾರಾಳವಾಗಿ ಸಿಗತ್ತೆ, ಇಂಜೆಕ್ಷನ್ ಹುಟ್ಟಿನಿಂದಲೇ ಇರತ್ತೆ. ಆದ್ರೆ ಅದಕ್ಕೆ ಮೌಂಟು, ಆಯಿಲ್ ಪ್ಯಾನ್, ಎಕ್ಸಾಸ್ಟು, ವೈರಿಂಗು, ಕಂಪ್ಯೂಟರು, ಹೈ ಪ್ರೆಶರ್ ಪಂಪು, ಗೇರ್‌ಬಾಕ್ಸಿನ ಜೋಡಣೆ ಎಲ್ಲಾ ಹೊಸದಾಗಿ ಆಗಬೇಕು. ನನಗಿದ್ದದ್ದು ವಾರಾಂತ್ಯದ ಎರಡು ದಿನ, ಒಂದು ಕಾರು ನಿಲ್ಲೋ ಗ್ಯಾರೇಜು. ಪೂರ್ತಿ ಇಂಜೆಕ್ಷನ್ನೇ ನಿಮ್ಮ ಗುರಿ ಅಂತ ಮೊದಲೇ ಖಚಿತ ಇದ್ರೆ ಮಾತ್ರ ಎಲ್ಎಸ್ ನೋಡಿ, 350 ಮೇಲೆ ಇಂಜೆಕ್ಷನ್ ಕಿಟ್ ಹಾಕಿ ಅರ್ಧ ದಾರೀಲಿ ನಿಲ್ಲೋಕಿಂತ ಅದು ವಾಸಿ.

## ಕೂರಿಸೋದು, ಸ್ಟಾರ್ಟ್ ಮಾಡೋದು

ಮನೇಲೇ ಒಬ್ರೇ ಮಾಡ್ಬೋದಾ?

ಬಿಚ್ಚೋದು ಒಬ್ರೇ ಮಾಡ್ಬೋದು. ಎತ್ತುವಾಗ ಇಳಿಸುವಾಗ ಇನ್ನೊಬ್ರು ಬೇಕೇ ಬೇಕು, ಯಾಕಂದ್ರೆ ಕಬ್ಬಿಣದ 350 ಸುಮಾರು 575 ಪೌಂಡು, ಅಂದ್ರೆ 260 ಕೆಜಿ, ಅದು ಚೈನಲ್ಲಿ ತೂಗಾಡ್ತಿರುವಾಗ ಕೆಳಗೆ ಬೆರಳು ಕಾಲು ಏನೂ ಇಡಬಾರದು. ನನಗೆ ಪಕ್ಕದ್ಮನೆ ಅಜ್ಜ ಬಂದ್ರು, ಹಾಯ್ಸ್ಟ್ ಅವರದೇ, ಬೈಗುಳವೂ ಅವರದೇ.

ಜನ ಎಡವೋದು ಟಾರ್ಕ್ ಕನ್ವರ್ಟರಲ್ಲಿ, ಅಂದ್ರೆ ಎಂಜಿನ್ ಶಕ್ತಿನ ಎಣ್ಣೆ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಡಬ್ಬೀಲಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಳಗೆ ಅದನ್ನ ತಿರುಗಿಸ್ತಾ ತಳ್ಳಿದ್ರೆ ಟಕ್ ಅಂತ ಒಂದೊಂದೇ ಮೆಟ್ಟಲು ಒಳಗೆ ಹೋಗತ್ತೆ, ಕೊನೇ ಟಕ್ ಬರೋ ತನಕ ಬಿಡಬೇಡಿ. ಎಂಜಿನ್ ಜೋಡಿಸಿದ್ಮೇಲೆ ಕನ್ವರ್ಟರಿಗೂ ಫ್ಲೆಕ್ಸ್‌ಪ್ಲೇಟಿಗೂ ಮಧ್ಯ ಇಂಚಿನ ಎಂಟನೇ ಒಂದು ಭಾಗದಷ್ಟಾದ್ರೂ ಸಂದು ಇರಬೇಕು, ಆಮೇಲೆ ಅದನ್ನ ಮುಂದಕ್ಕೆ ಎಳೆದು ಬೋಲ್ಟ್ ಮಾಡೋದು. ಸಂದೇ ಇಲ್ಲ, ಎರಡೂ ಸರಿಯಾಗಿ ಕೂರ್ತಿಲ್ಲ, ಬೋಲ್ಟ್ ಬಿಗಿ ಮಾಡಿದ್ರೆ ಬರತ್ತೆ ಬಿಡು ಅಂತ ಸ್ಪಾನರ್ ಹಾಕಿ ಎಳೆದ್ರೋ, ಗೇರ್‌ಬಾಕ್ಸಿನ ಪಂಪ್ ಒಡೀತು ಅಂತಲೇ ಲೆಕ್ಕ.

ಮೊದಲ್ನೇ ಸಲ ಕೀ ತಿರುಗಿಸೋಕೆ ಮುಂಚೆ ಏನ್ ಮಾಡ್ಬೇಕು?

ಮೊದಲು ಆಯಿಲ್ ಪ್ರೈಮ್ ಮಾಡ್ಬೇಕು, ಅಂದ್ರೆ ಸ್ಟಾರ್ಟ್ ಮಾಡೋಕೆ ಮುಂಚೆಯೇ ಒಳಗೆಲ್ಲಾ ಆಯಿಲ್ ಹರಿಸಬೇಕು. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿ ಪ್ರಕಾರ ಕಿಡಿ ಹಂಚೋದು) ಇನ್ನೂ ಹಾಕಿರಬಾರದು, ಆ ತೂತಲ್ಲಿ ಪ್ರೈಮಿಂಗ್ ಕಡ್ಡಿ ಇಳಿಸಿ, ಮೇಲೆ ಡ್ರಿಲ್ ಮೆಷಿನ್ ಸಿಕ್ಕಿಸಿ ಗಡಿಯಾರದ ದಿಕ್ಕಿಗೆ ತಿರುಗಿಸಿ. ಮೊದಲು ಡ್ರಿಲ್ ಹಗುರಾಗಿ ಸುಯ್ಯಂತ ಓಡತ್ತೆ, ಸ್ವಲ್ಪ ಹೊತ್ತಿಗೆ ಪಂಪ್ ಆಯಿಲ್ ಹಿಡಿದ ಕೂಡ್ಲೇ ಕೈಗೆ ಭಾರ ಬರತ್ತೆ, ಸದ್ದು ಇಳಿಯತ್ತೆ, ಗೇಜ್ ಏಳತ್ತೆ. ವಾಲ್ವ್ ಕವರ್ ತೆಗೆದಿಟ್ಟು ನೋಡ್ತಾ ಇರಿ, ವಾಲ್ವ್ ಒತ್ತೋ ಹದಿನಾರು ರಾಕರಲ್ಲಿ ಒಂದೊಂದರ ತುದೀಲೂ ಆಯಿಲ್ ಜಿನುಗೋಕೆ ಶುರುವಾಗತ್ತೆ. ನಂದ್ರಲ್ಲಿ ಹದಿನಾಲ್ಕು ಬೇಗ ಬಂದವು, ಹಿಂದಿನ ಎರಡು ಬರಲೇ ಇಲ್ಲ, ಅಜ್ಜ ಕ್ರ್ಯಾಂಕ್ ಕಾಲು ಸುತ್ತು ತಿರುಗಿಸು ಅಂದ್ರು, ತಿರುಗಿಸಿದೆ, ಬಂತು.

ಎರಡನೇದು, ವಾಲ್ವ್ ಎತ್ತೋ ಕ್ಯಾಮ್ ಫ್ಲಾಟ್ ಟ್ಯಾಪೆಟ್ಟಾ (ಚಪ್ಪಟೆ ತಳ ಉಜ್ಜೋದು) ರೋಲರಾ (ಉರುಳೋದು) ತಿಳ್ಕೊಳಿ. ಫ್ಲಾಟ್ ಆಗಿದ್ರೆ ಸ್ಟಾರ್ಟ್ ಆದ ಕ್ಷಣದಿಂದ 20 ನಿಮಿಷ 2000ದಿಂದ 2500 ಆರ್‌ಪಿಎಮ್‌ನಲ್ಲೇ ಓಡಿಸಬೇಕು, ಐಡಲಿಗೆ ಬಿಡಲೇಬಾರದು, ಕ್ಯಾಮಿಗೆ ಆಯಿಲ್ ಸಿಗೋದೇ ಕ್ರ್ಯಾಂಕ್ ಜೋರಾಗಿ ತಿರುಗಿ ಎರಚಿದಾಗ. ಆಯಿಲಲ್ಲಿ ಜಿಂಕ್ ಇರಬೇಕು, ಈಗಿನ ಮಾಮೂಲಿ ಕಾರ್ ಆಯಿಲಲ್ಲಿ ಅದು ಕಮ್ಮಿ. ಇದಕ್ಕೇ ಹೇಳೋದು, ಮೊದಲ ಸಲ ಒಂದೇ ಏಟಿಗೆ ಸ್ಟಾರ್ಟ್ ಆಗೋ ಹಾಗೆ ಟೈಮಿಂಗ್ (ಕಿಡಿ ಹಾರೋ ಹೊತ್ತು), ಪೆಟ್ರೋಲ್, ಕೂಲೆಂಟ್ ಎಲ್ಲಾ ತಯಾರಿಟ್ಕೊಂಡಿರಿ ಅಂತ. ಹತ್ತು ಸಲ ಸೆಲ್ಫ್ ಹೊಡೆದು ಹೊಡೆದು ಕ್ಯಾಮ್ ಸವೆಸಿದವರನ್ನ ನೋಡಿದೀನಿ. ಹೊಸಾ ಎಂಜಿನ್ ಮೊದಲು ಕಾರ್ಬೋರೇಟರಲ್ಲೇ ಓಡಲಿ ಅನ್ನೋದಕ್ಕೂ ಇದೇ ಕಾರಣ, ಹೊಸ ಕ್ಯಾಮೂ ಹೊಸ ಇಂಜೆಕ್ಷನ್ನೂ ಒಂದೇ ದಿನ ಹಾಕಿ ಏನೋ ಕೈಕೊಟ್ರೆ ಯಾರನ್ನ ಹಿಡೀತೀರ?

ಸ್ಟಾರ್ಟ್ ಆಗ್ತಿಲ್ಲ, ಕಾರ್ಬೋರೇಟರಿಂದ ಬೆಂಕಿ ಉಗುಳ್ತಿದೆ, ಏನಾಯ್ತು?

ಡಿಸ್ಟ್ರಿಬ್ಯೂಟರ್ 180 ಡಿಗ್ರಿ ಉಲ್ಟಾ ಕೂತಿರತ್ತೆ. ನಂದೂ ಆಗಿತ್ತು, ಹುಬ್ಬು ಸ್ವಲ್ಪ ಸುಟ್ಕೊಂಡೆ. ಕ್ರ್ಯಾಂಕಿನ ಮುಂತುದಿಯ ಬ್ಯಾಲೆನ್ಸರಿನ ಗೆರೆ ಸೊನ್ನೆಗೆ ಬರೋದು ಎರಡು ಸಲ, ಕಂಪ್ರೆಷನಲ್ಲಿ ಒಂದ್ಸಲ, ಎಕ್ಸಾಸ್ಟಲ್ಲಿ ಒಂದ್ಸಲ. ಒಂದನೇ ಸಿಲಿಂಡರಿನ ಪ್ಲಗ್ ತೆಗೆದು ತೂತಿಗೆ ಬೆರಳಿಟ್ಟು ಯಾರಿಗಾದ್ರೂ ಕ್ರ್ಯಾಂಕ್ ತಿರುಗಿಸೋಕೆ ಹೇಳಿ, ಬೆರಳನ್ನ ಗಾಳಿ ತಳ್ಳಿದಾಗ ಬರೋ ಸೊನ್ನೆಯೇ ಸರಿಯಾದ ಸೊನ್ನೆ. ವೈರ್ ಕ್ರಮ 1-8-4-3-6-5-7-2, ರೋಟರ್ ಗಡಿಯಾರದ ದಿಕ್ಕಿಗೆ. ಬರೆದು ಇನ್ನರ್ ಫೆಂಡರಿಗೆ ಅಂಟಿಸ್ಕೊಳಿ.

## ಇಂಜೆಕ್ಷನ್ ವಿಚಾರ

ನಾನು ಮೈಕೋದಲ್ಲಿ ಇದ್ದವನು, ಇಂಜೆಕ್ಷನ್ ಅಂದ್ರೆ ದೊಡ್ಡ ಪಂಪು, ನಿನ್ನ ಗಾಡೀಲಿ ಅದನ್ನ ಎಲ್ಲಿ ಹಾಕ್ತೀಯೋ?

ಈ ಪ್ರಶ್ನೆ ನಮ್ಮ ದೊಡ್ಡಪ್ಪಂದು. ಆಡುಗೋಡಿ ಮೈಕೋದಲ್ಲಿ ನೀವು ಮಾಡ್ತಿದ್ದದ್ದು ಡೀಸೆಲ್ ಪಂಪು ದೊಡ್ಡಪ್ಪ, ಅದು ನೂರಾರು ಬಾರ್ ಒತ್ತಡದಲ್ಲಿ ಡೀಸೆಲ್ ಬಿಡತ್ತೆ. ಇದು ಪೆಟ್ರೋಲು, ಕಾರ್ಬೋರೇಟರ್ ಇದ್ದ ಜಾಗದಲ್ಲೇ ಅದೇ ಆಕಾರದ ಥ್ರಾಟಲ್ ಬಾಡಿ ಕೂರತ್ತೆ, ಅದರೊಳಗಿನ ಇಂಜೆಕ್ಟರುಗಳು ಸುಮಾರು 58 ಪಿಎಸ್ಐ, ಅಂದ್ರೆ ನಾಲ್ಕೇ ಬಾರಲ್ಲಿ ಮ್ಯಾನಿಫೋಲ್ಡ್ ಒಳಗೆ ಸಿಂಪಡಿಸ್ತವೆ. ಕಂಪ್ಯೂಟರ್ ಕೂಡ ಅದರ ಮೈಗೇ ಅಂಟಿರತ್ತೆ. ಷೆವಿ 1957ರಲ್ಲೇ ಕಾರ್ವೆಟ್ಟಿಗೆ ರೋಚೆಸ್ಟರ್ ಕಂಪನಿಯ ಮೆಕ್ಯಾನಿಕಲ್ ಇಂಜೆಕ್ಷನ್ ಕೊಟ್ಟಿತ್ತು, 283 ಇಂಚಿಗೆ 283 ಕುದುರೆ ಅಂತ ಜಂಭ ಬೇರೆ. ಟ್ರಕ್ಕಿನ 350ಗೆ ಕಂಪನಿಯಿಂದಲೇ ಇಂಜೆಕ್ಷನ್ ಬರೋಕೆ 1987 ಆಗಬೇಕಾಯ್ತು.

ಇಂಜೆಕ್ಷನ್ ಹಾಕಿದ್ರೆ ಮೈಲೇಜು ಎಷ್ಟು ಜಾಸ್ತಿ ಆಗತ್ತೆ?

ಮೈಲೇಜಿಗೋಸ್ಕರ ಹಾಕೋದಾದ್ರೆ ಹಾಕಲೇಬೇಡಿ. ನನ್ನ ಗಾಡಿ ಗ್ಯಾಲನ್ನಿಗೆ 12-13 ಮೈಲಿ, ಅಂದ್ರೆ ಲೀಟರಿಗೆ ಐದು ಕಿಮೀ ಚಿಲ್ಲರೆ. ಸರಿಯಾಗಿ ಟ್ಯೂನ್ ಆಗಿರೋ ಕಾರ್ಬೋರೇಟರಿಗಿಂತ ಇಂಜೆಕ್ಷನ್ ಒಂದೆರಡು ಮೈಲಿ ಜಾಸ್ತಿ ಕೊಟ್ರೂ ಕಿಟ್ಟಿಗೆ ಕೊಟ್ಟ ದುಡ್ಡು ಈ ಜನ್ಮದಲ್ಲಿ ವಾಪಸ್ ಬರಲ್ಲ. ಲಾಭ ಇರೋದು ಬೇರೆ ಕಡೆ: ಚಳೀಲಿ ಚೋಕ್ ತಲೆನೋವಿಲ್ಲ, ಕೊಲರಾಡೋ ಬೆಟ್ಟ ಹತ್ತಿದ್ರೂ ಜೆಟ್ ಬದಲಾಯಿಸದೆ ತಾನೇ ಸರಿಮಾಡ್ಕೊಳತ್ತೆ, ತಿಂಗಳುಗಟ್ಟಲೆ ನಿಲ್ಲಿಸಿದ್ರೂ ಕಾರ್ಬೋರೇಟರಲ್ಲಿ ಪೆಟ್ರೋಲ್ ನಿಲ್ಲೋ ಬೌಲ್ ಒಣಗಿ ಸೆಲ್ಫ್ ಹೊಡೀತಾ ಕೂರೋದಿಲ್ಲ.

ಬಿಸಿಲಲ್ಲಿ ಅಂಗಡಿ ಮುಂದೆ ಹತ್ತು ನಿಮಿಷ ನಿಲ್ಲಿಸಿ ಬಂದ್ರೆ ಸ್ಟಾರ್ಟ್ ಆಗಲ್ಲ, ಇದಕ್ಕೆ ಇಂಜೆಕ್ಷನ್ನೇ ಔಷಧೀನಾ?

ಔಷಧಿ ಹೌದು, ಆದ್ರೆ ನೆಗಡಿಗೆ ಆಪರೇಷನ್ ಮಾಡಿಸಿದಂಗೆ. ಎಂಜಿನ್ ಆರಿಸಿದ್ಮೇಲೆ ಬಿಸಿ ಮೇಲಕ್ಕೆ ಏರಿ ಕಾರ್ಬೋರೇಟರ್ ಬೌಲಲ್ಲಿರೋ ಪೆಟ್ರೋಲ್ ಕುದ್ದು ಮ್ಯಾನಿಫೋಲ್ಡಿಗೆ ಸುರಿಯತ್ತೆ, ಎಥನಾಲ್ ಬೆರೆಸಿದ ಈಗಿನ ಪೆಟ್ರೋಲ್ ಇನ್ನೂ ಬೇಗ ಕುದಿಯತ್ತೆ. ಮೊದಲು ಬಿಸಿ ತಡೆಯೋ ಅರ್ಧ ಇಂಚಿನ ಫಿನಾಲಿಕ್ ಸ್ಪೇಸರ್ ಕಾರ್ಬೋರೇಟರ್ ಕೆಳಗಿಡಿ, ಪೆಟ್ರೋಲ್ ಪೈಪ್ ಎಕ್ಸಾಸ್ಟಿಂದ ದೂರ ಸರಿಸಿ, ಸ್ಟಾರ್ಟ್ ಮಾಡುವಾಗ ಪೆಡಲ್ ಪಂಪ್ ಮಾಡದೆ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೀರಿ. ನಂದು 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲೂ ಇಷ್ಟಕ್ಕೇ ದಾರಿಗೆ ಬಂತು.

ಕಿಟ್ ಬಾಕ್ಸಲ್ಲೇ ಎಲ್ಲಾ ಇರತ್ತಂತಲ್ಲ, ಒಂದು ದಿನದ ಕೆಲ್ಸ ಅಂತಾರೆ?

ಥ್ರಾಟಲ್ ಬಾಡಿ ಕೂರಿಸೋದು ಎರಡು ಗಂಟೆ ಕೆಲ್ಸ, ನಿಜ. ಉಳಿದದ್ದು ಬಾಕ್ಸಲ್ಲಿ ಇರಲ್ಲ. ನನ್ನ ಪ್ರಕಾರ ಇಂಜೆಕ್ಷನ್ ಅನ್ನೋದು ಬಾನೆಟ್ ಕೆಳಗಿನ ಕೆಲಸವೇ ಅಲ್ಲ, ಟ್ಯಾಂಕಿನ ಕೆಲಸ.

ಈ ಮಾಡೆಲ್ ಗಾಡೀಲಿ ಕಂಪನಿಯಿಂದ ಬಂದ ಪೆಟ್ರೋಲ್ ಟ್ಯಾಂಕ್ ಇರೋದು ಸೀಟಿನ ಬೆನ್ನ ಹಿಂದೆ, ಕ್ಯಾಬಿನ್ ಒಳಗೇ, ಸುಮಾರು 20 ಗ್ಯಾಲನ್. ಅಂದ್ರೆ ನೀವು ಪೆಟ್ರೋಲಿಗೆ ಒರಗಿಕೊಂಡೇ ಗಾಡಿ ಓಡಿಸೋದು. ಕಾರ್ಬೋರೇಟರಿಗೆ ಎಂಜಿನ್ ಪಕ್ಕದ ಮೆಕ್ಯಾನಿಕಲ್ ಪಂಪು 5-7 ಪಿಎಸ್ಐ ಕೊಟ್ರೆ ಸಾಕು. ಇಂಜೆಕ್ಷನ್ನಿಗೆ 58 ಬೇಕು, ಅಂದ್ರೆ ಕರೆಂಟಿನ ಪಂಪು, ಅದು ಟ್ಯಾಂಕ್ ಒಳಗೇ ಮುಳುಗಿದ್ರೆ ಒಳ್ಳೇದು. ಹಳೇ ಟ್ಯಾಂಕಲ್ಲಿ ಪೆಟ್ರೋಲ್ ಅಲ್ಲಾಡದಂಗೆ ತಡೆಯೋ ಗೋಡೆಗಳಿಲ್ಲ, ಕಾಲು ಟ್ಯಾಂಕ್ ಇರುವಾಗ ಜೋರಾಗಿ ತಿರುಗಿದ್ರೆ ಎಲ್ಲಾ ಒಂದು ಮೂಲೆಗೆ ಹೋಗಿ ಪಂಪ್ ಗಾಳಿ ನುಂಗತ್ತೆ. ಕಾರ್ಬೋರೇಟರಿಗಾದ್ರೆ ಬೌಲಲ್ಲಿ ಸ್ವಲ್ಪ ದಾಸ್ತಾನಿರತ್ತೆ, ಗೊತ್ತೇ ಆಗಲ್ಲ, ಇಂಜೆಕ್ಷನ್ ಅಲ್ಲೇ ಬಿಕ್ಕಳಿಸತ್ತೆ. ಜೊತೆಗೆ ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗೋಕೆ ರಿಟರ್ನ್ ಪೈಪು. ರಬ್ಬರ್ ಹೋಸಲ್ಲಿ ಜಿಪುಣತನ ಬೇಡವೇ ಬೇಡ: ಮಾಮೂಲಿ 30ಆರ್7 ಕಾರ್ಬೋರೇಟರಿಗೆ ಸರಿ, ಇಂಜೆಕ್ಷನ್ನಿಗೆ 30ಆರ್9, ಟ್ಯಾಂಕ್ ಒಳಗೆ ಮುಳುಗೋ ತುಂಡಿಗೆ 30ಆರ್10, ಹೋಸಿನ ಮೈಮೇಲೆ ಅಚ್ಚಾಗಿರತ್ತೆ ನೋಡಿ. ಬೆನ್ನ ಹಿಂದೆ 58 ಪಿಎಸ್ಐಯಲ್ಲಿ ಪೆಟ್ರೋಲ್ ಸೋರೋದನ್ನ ಒಂದ್ಸಲ ಊಹಿಸ್ಕೊಳಿ ಸಾಕು. ಗಾಡಿ ಗುದ್ದಿದ್ರೆ ಪಂಪಿನ ಕರೆಂಟ್ ತಾನೇ ಕಡಿದು ಹೋಗೋ ಸ್ವಿಚ್ಚನ್ನೂ ಹಾಕಿಸಿ.

ಆಮೇಲೆ ಆಲ್ಟರ್ನೇಟರು. 1971ರದ್ದು ರೆಗ್ಯುಲೇಟರ್ ಹೊರಗಡೆ ಇರೋ ಹಳೇ ಕಾಲದ್ದು, ಹೆಡ್‌ಲೈಟು ವೈಪರು ಹೀಟರಿನ ಜೊತೆ ಪಂಪು ಕಂಪ್ಯೂಟರು ಸೇರಿದ್ರೆ ಉಸಿರು ಬಿಡತ್ತೆ. ಒಂದು ದಿನದ ಕೆಲ್ಸ ಅಂದವರು ಈ ಟ್ಯಾಂಕ್ ನೋಡಿಲ್ಲ.

## ಒಳಗೆ ಇಳಿದವರಿಗೆ

ಹಾಕಿದೆ ಸಾರ್, ಸ್ಕ್ರೀನಲ್ಲಿ ಲೀನ್ ತೋರಿಸತ್ತೆ, ಪ್ಲಗ್ ತೆಗೆದ್ರೆ ಕಪ್ಪಗಿದೆ, ಯಾವ್ದು ನಂಬ್ಲಿ?

ಪ್ಲಗ್ ನಂಬಿ. ಲೀನ್ ಅಂದ್ರೆ ಪೆಟ್ರೋಲ್ ಕಮ್ಮಿ, ಕಪ್ಪು ಪ್ಲಗ್ ಅಂದ್ರೆ ಜಾಸ್ತಿ. ಎಕ್ಸಾಸ್ಟಲ್ಲಿರೋ ಓ2 ಸೆನ್ಸರ್ ಪೆಟ್ರೋಲ್ ಅಳೆಯಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯತ್ತೆ. ಸೆನ್ಸರಿಗಿಂತ ಮುಂದೆ ಎಕ್ಸಾಸ್ಟ್ ಗ್ಯಾಸ್ಕೆಟ್ಟಲ್ಲಿ ಸಣ್ಣ ಲೀಕಿದ್ರೆ ಹೊರಗಿನ ಗಾಳಿ ನುಗ್ಗತ್ತೆ, ಸೆನ್ಸರ್ ಲೀನ್ ಅನ್ನತ್ತೆ, ಕಂಪ್ಯೂಟರ್ ಪಾಪ ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯತ್ತೆ. ಹೆಡರಿನ (ಎಕ್ಸಾಸ್ಟ್ ಪೈಪಿನ ಮೊದಲ ಭಾಗ) ಬೋಲ್ಟುಗಳನ್ನ ಮತ್ತೆ ಬಿಗಿ ಮಾಡಿ ಆಮೇಲೆ ಲ್ಯಾಪ್‌ಟಾಪ್ ತೆಗೀರಿ. ಸೆನ್ಸರ್ ಪೈಪಿನ ಮೇಲ್ಭಾಗದಲ್ಲಿ ಓರೆಯಾಗಿ ಇರಬೇಕು, ಕೆಳಗಿದ್ರೆ ನೀರು ಇಳಿದು ಸಾಯತ್ತೆ.

ಐಡಲ್ ಏರಿಳಿತ, ಇದ್ದಕ್ಕಿದ್ದಂಗೆ ಆಫ್ ಆಗೋದು ಇವಕ್ಕೆಲ್ಲಾ ಮುಕ್ಕಾಲು ಪಾಲು ಕಾರಣ ಕರೆಂಟು. ಕಿಟ್ಟಿನ ಪ್ಲಸ್ಸು ಮೈನಸ್ಸು ನೇರ ಬ್ಯಾಟರಿಗೇ ಹೋಗಬೇಕು, ಎಂಜಿನ್ನಿಂದ ಫ್ರೇಮಿಗೆ ದಪ್ಪ ಅರ್ಥಿಂಗ್ ಬೇಕು, ಅದರ ವೈರಿಂಗ್ ಪ್ಲಗ್ ವೈರುಗಳಿಂದ ದೂರ ಇರಬೇಕು. ಇನ್ನೂ ಪಾಯಿಂಟ್ ಇಗ್ನಿಷನ್ ಇದ್ರೆ ಮೊದಲು ಅದನ್ನ ಬದಲಾಯಿಸಿ, ಎಚ್ಇಐ ಅನ್ನೋ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕೋದಾದ್ರೆ ಪೂರ್ತಿ 12 ವೋಲ್ಟಿನ ವೈರ್ ಎಳೀರಿ, ಹಳೇ ಕಾಯಿಲ್ ವೈರ್ ಬೇಕಂತಲೇ ವೋಲ್ಟೇಜ್ ತಗ್ಗಿಸೋ ರೆಸಿಸ್ಟೆನ್ಸ್ ವೈರು.

ಟೈಮಿಂಗೂ ಕಂಪ್ಯೂಟರಿಗೇ ಕೊಟ್ಬಿಡ್ಲಾ?

ಮೊದಲ ದಿನ ಬೇಡ. ಇಂಧನ ಸರಿಹೋದ್ಮೇಲೆ ಕೊಡಿ. ಕೈಯಲ್ಲಿ ಸೆಟ್ ಮಾಡೋದಾದ್ರೆ ಹಳೇ ಹೆಡ್ಡಿನ 350ಗೆ ಒಟ್ಟು 34ರಿಂದ 36 ಡಿಗ್ರಿ.

ಹೈವೇಲಿ ಎಂಜಿನ್ ಕಿರುಚತ್ತೆ, ಇಂಜೆಕ್ಷನ್ ಹಾಕಿದ್ರೆ ಸರಿಹೋಗತ್ತಾ?

ಇಲ್ಲ, ಅದು ಗೇರಿನ ಸಮಸ್ಯೆ. ಟರ್ಬೋ 350 ಗೇರ್‌ಬಾಕ್ಸಲ್ಲಿ ಮೂರೇ ಗೇರು, ಮೂರನೇದು ನೇರ ಒಂದಕ್ಕೊಂದು. ಹಿಂದೆ 3.73 ಆಕ್ಸಲು, 28 ಇಂಚಿನ ಟೈರಿದ್ರೆ ಗಂಟೆಗೆ 65 ಮೈಲಿಗೆ ಎಂಜಿನ್ ಸುಮಾರು 2900 ಸುತ್ತು. 700ಆರ್4 ಅನ್ನೋ ನಾಲ್ಕು ಗೇರಿನ ಬಾಕ್ಸ್ ಹಾಕಿದ್ರೆ ನಾಲ್ಕನೇ ಗೇರ್ 0.70, ಅದೇ ವೇಗಕ್ಕೆ 2040ರ ಹತ್ತಿರ ಇಳಿಯತ್ತೆ. ನನ್ನ ಕೇಳಿದ್ರೆ ಇಂಜೆಕ್ಷನ್ ದುಡ್ಡು ಮೊದಲು ಇಲ್ಲಿ ಹೋಗಬೇಕು. ಆದ್ರೆ ಅದರ ಟಿವಿ ಕೇಬಲ್ (ಥ್ರಾಟಲಿಂದ ಗೇರ್‌ಬಾಕ್ಸಿಗೆ ಹೋಗೋದು) ಸರಿಯಾಗಿ ಎಳೆದಿರದಿದ್ರೆ ಒಳಗಿನ ಒತ್ತಡ ಸಾಲದೆ ಕ್ಲಚ್ಚುಗಳು ಸುಟ್ಟೇ ಹೋಗ್ತವೆ, ಥ್ರಾಟಲ್ ಬದಲಾಯಿಸಿದಾಗೆಲ್ಲಾ ಮತ್ತೆ ಸೆಟ್ ಮಾಡ್ಬೇಕು.

ಇದಕ್ಕೆಲ್ಲಾ ಪರ್ಮಿಷನ್ ಬೇಡ್ವಾ? ಇಂಡಿಯಾದಲ್ಲಿ ಮಾಡ್ಬೋದಾ?

ಟೆಕ್ಸಾಸಲ್ಲಿ ಇಷ್ಟು ಹಳೇ ಗಾಡಿಗೆ ಹೊಗೆ ಪರೀಕ್ಷೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಪೆಟ್ರೋಲ್ ಗಾಡಿಗಳಿಗೆ ಸ್ಮಾಗ್ ಚೆಕ್ ಇಲ್ಲ, 1976ರಿಂದ ಇದೆ, ಅದಕ್ಕೇ ಅಲ್ಲಿ 1975ರದ್ದನ್ನೇ ಜನ ಹುಡುಕೋದು. ನಮ್ಮೂರಲ್ಲಿ ಕಥೆ ಬೇರೆ, ಎಂಜಿನ್ ನಂಬರ್ ಆರ್‌ಸಿಯಲ್ಲೇ ಇರತ್ತೆ, ಗಾಡಿ ಬದಲಾಯಿಸೋದರ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಸ್ಪಾನರ್ ಹಿಡಿಯೋಕೆ ಮುಂಚೆ ಆರ್‌ಟಿಓ ಆಫೀಸಿಗೆ ಹೋಗಿ ಬನ್ನಿ.

ಅದೆಲ್ಲಾ ಇರ್ಲಿ, ಕೊನೆಗೆ ನಿಮ್ಮ ಗಾಡೀಲಿ ಏನಿದೆ?

ಕಾರ್ಬೋರೇಟರ್! ಎಡೆಲ್‌ಬ್ರಾಕ್ 600 ಸಿಎಫ್ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನೋ ಲೆಕ್ಕ), ಎಲೆಕ್ಟ್ರಿಕ್ ಚೋಕಿಂದು. 5500 ಸುತ್ತಿನ ತನಕ 350ಗೆ ಲೆಕ್ಕದ ಪ್ರಕಾರ 480ರ ಒಳಗೇ ಸಾಕಾಗತ್ತೆ, ಅದಕ್ಕೆ 750 ಹಾಕು ಅಂದವರ ಮಾತು ಕೇಳ್ಲಿಲ್ಲ. ಆದ್ರೆ ಎಕ್ಸಾಸ್ಟ್ ಮಾಡಿಸುವಾಗಲೇ ಓ2 ಸೆನ್ಸರ್ ಕೂರೋ ಬಂಗ್ ಬೆಸೆಸಿ ಬಿರಡೆ ಹಾಕಿಟ್ಟಿದೀನಿ, ರಿಟರ್ನ್ ಪೈಪೂ ಫ್ರೇಮ್ ಉದ್ದಕ್ಕೂ ಎಳೆದು ತುದಿ ಮುಚ್ಚಿದೀನಿ. ಟ್ಯಾಂಕನ್ನ ಕ್ಯಾಬಿನ್ನಿಂದ ತೆಗೆದು ಹಿಂದೆ ಬೆಡ್ ಕೆಳಗೆ ಹಾಕಿಸಿದ್ದು ಮಾತ್ರ ಇಂಜೆಕ್ಷನ್ನಿಗಲ್ಲ, ಸೀರೆಗೆಲ್ಲಾ ಪೆಟ್ರೋಲ್ ವಾಸನೆ ಅಂತ ಹೆಂಡ್ತಿ ದೇವಸ್ಥಾನಕ್ಕೆ ಆ ಗಾಡೀಲಿ ಬರೋದೇ ನಿಲ್ಲಿಸಿದ್ಲು. ಈಗ ಬರ್ತಾಳೆ, ಸೀಟ್ ಹಿಂದೆ ಖಾಲಿಯಾದ ಜಾಗದಲ್ಲಿ ಅವಳ ಹೂವಿನ ಬುಟ್ಟಿ ಸರಿಯಾಗಿ ಕೂರತ್ತೆ.